ಹೈಸ್ಕೂಲಿನ ದಿನದ ಸುದ್ದಿ ಮನೆ ಮುಟ್ಟಿಸಲು ಯಾವ ದಾರಿ ಒಳ್ಳೆಯದು?

2025ರ ಅಕ್ಟೋಬರ್ 7, ಮಂಗಳವಾರ. ದಸರಾ ರಜೆಯ ಕೊನೇ ದಿನ. ಮಾರನೇ ದಿನ ಶಾಲೆ ಶುರುವಾಗಬೇಕಿತ್ತು. ಅಷ್ಟರಲ್ಲಿ ಸರ್ಕಾರದಿಂದ ಸುದ್ದಿ ಬಂತು. ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಇನ್ನೂ ಮುಗಿದಿಲ್ಲ, ಮೇಷ್ಟ್ರುಗಳು ಅದರಲ್ಲೇ ಇದ್ದಾರೆ, ಹಾಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ರಜೆ. ಅನುದಾನವಿಲ್ಲದ ಖಾಸಗಿ ಶಾಲೆಗಳ ಮಾತು ಬೇರೆ.

ನಾವು ಸಂಜೆ ಏಳರ ಹೊತ್ತಿಗೆ ಎಲ್ಲಾ ತರಗತಿಯ ವಾಟ್ಸಾಪ್ ಗ್ರೂಪಿಗೂ ಆದೇಶ ಹಾಕಿದೆವು. ಕೆಲಸ ಮುಗೀತು ಅಂದುಕೊಂಡೆವು. ಬೆಳಿಗ್ಗೆ ಸಮೀಕ್ಷೆಗೆ ಹೊರಟವನು ಶಾಲೆಯ ದಾರಿಯಲ್ಲೇ ಹೋದೆ. ಗೇಟಿನ ಮುಂದೆ ನಾಲ್ಕು ಮಕ್ಕಳು ಬ್ಯಾಗು ಹಾಕಿಕೊಂಡು ನಿಂತಿದ್ದರು. ಅದರಲ್ಲೊಬ್ಬಳು ಹನ್ನೆರಡು ಕಿಲೋಮೀಟರ್ ದೂರದಿಂದ ಮೊದಲ ಬಸ್ಸಿಗೆ ಬಂದವಳು. ಆ ಕಡೆಗೆ ವಾಪಸ್ ಬಸ್ಸಿರುವುದು ಮಧ್ಯಾಹ್ನ ಒಂದೂವರೆಗೆ.

ನಾಲ್ವರ ಮನೆಯ ನಂಬರೂ ಗ್ರೂಪಿನಲ್ಲಿತ್ತು. ಒಬ್ಬನ ಅಪ್ಪ ಫೋನ್ ತಗೊಂಡು ಅಡಿಕೆ ಕೊಯ್ಲಿಗೆ ಬೇರೆ ಊರಿಗೆ ಹೋಗಿದ್ದರು. ಇನ್ನೊಬ್ಬನ ಮನೆಯಲ್ಲಿ ರೀಚಾರ್ಜ್ ಮುಗಿದಿತ್ತು. ಮತ್ತೊಬ್ಬನ ನಂಬರು ಜೂನ್‌ನಲ್ಲೇ ಬದಲಾಗಿತ್ತು, ನಮಗೆ ಗೊತ್ತಿರಲಿಲ್ಲ. ದೂರದಿಂದ ಬಂದ ಹುಡುಗಿಯ ಅಜ್ಜಿ ಮೆಸೇಜ್ ತೆಗೆದು ನೋಡಿದ್ದರಂತೆ. ಅದು ಆದೇಶದ ಫೋಟೊ. ಅಜ್ಜಿಗೆ ಓದಲು ಬರುವುದಿಲ್ಲ. ಮೊಮ್ಮಗಳು ಅಷ್ಟರಲ್ಲಿ ಮಲಗಿದ್ದಳು.

ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಾ, ದಿನದ ಸೂಚನೆಗಳ ಜವಾಬ್ದಾರಿಯನ್ನೂ ಹೊತ್ತು ಬಹಳ ವರ್ಷವಾಯಿತು. ಆ ಬೆಳಿಗ್ಗೆಯಿಂದ ಪ್ರತಿ ದಾರಿಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಅಳೆಯುತ್ತೇನೆ. ಸುದ್ದಿ ಯಾರಿಗೆ ಮುಟ್ಟಲಿಲ್ಲ ಅಂತ ಇದರಲ್ಲಿ ನಮಗೆ ಗೊತ್ತಾಗುತ್ತಾ? ಎಷ್ಟು ಜನರಿಗೆ ಹೋಯಿತು ಅನ್ನುವುದು ಆಮೇಲಿನ ಮಾತು.

ಮೊದಲು ಸುದ್ದಿಯನ್ನು ವಿಂಗಡಿಸಿ

ಎಲ್ಲಾ ಸುದ್ದಿಗೂ ಒಂದೇ ದಾರಿ ಹಿಡಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಹೈಸ್ಕೂಲಿನ ಸುದ್ದಿಯಲ್ಲಿ ಮುಖ್ಯವಾಗಿ ಮೂರು ಬಗೆ ಇವೆ.

ಒಂದು, ಇವತ್ತು ಕೇಳಿ ಇವತ್ತೇ ಮುಗಿಯುವಂಥದ್ದು. ಕಬಡ್ಡಿ ತಂಡದವರು ನಾಲ್ಕು ಗಂಟೆಗೆ ಮೈದಾನಕ್ಕೆ ಬರಬೇಕು, ಗಣಿತದ ಎಫ್ಎ ಟೆಸ್ಟು ಗುರುವಾರಕ್ಕೆ ಹೋಗಿದೆ, ಪ್ರತಿಭಾ ಕಾರಂಜಿಗೆ ಹೆಸರು ಕೊಡುವವರು ಕನ್ನಡ ಮೇಡಂ ಹತ್ತಿರ ಹೋಗಿ. ಇದು ಮಗುವಿಗೆ ಸಿಕ್ಕಿದರೆ ಸಾಕು, ಮನೆಗೆ ಹೋಗಬೇಕಾಗಿಲ್ಲ.

ಎರಡನೆಯದು ಕಾಗದ ಕೇಳುವ ಸುದ್ದಿ. ವಿದ್ಯಾರ್ಥಿವೇತನ, ಬಸ್ ಪಾಸು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಎಸ್ಸೆಸ್ಸೆಲ್ಸಿ ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನಾಂಕದ ತಿದ್ದುಪಡಿ. ಇಲ್ಲಿ ಮನೆಯವರು ಒಂದು ದಿನದ ಕೂಲಿ ಬಿಟ್ಟು ಓಡಾಡಬೇಕಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು, ಅದರ ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ಬರುವವರೆಗೆ ಕಾಯಬೇಕು. ಕೊನೇ ದಿನಾಂಕಕ್ಕೆ ಎರಡು ದಿನ ಇರುವಾಗ ಹೇಳಿದರೆ ಹೇಳದಿದ್ದ ಹಾಗೇ.

ಮೂರನೆಯದು ದಿಢೀರ್ ಸುದ್ದಿ. ಮಳೆ ರಜೆ, ಬಸ್ಸಿಲ್ಲ, ಮಗುವಿಗೆ ಜ್ವರ, ಪರೀಕ್ಷೆ ಮುಂದಕ್ಕೆ. ಇದಕ್ಕೆ ಗಂಟೆಗಳ ಲೆಕ್ಕ.

ಬೆಳಗಿನ ಪ್ರಾರ್ಥನೆ

ಹಳೇ ದಾರಿ, ಒಳ್ಳೇ ದಾರಿ. ಒಂದು ಪೈಸೆ ಖರ್ಚಿಲ್ಲ, ನೆಟ್‌ವರ್ಕ್ ಬೇಕಾಗಿಲ್ಲ. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ವಾರ್ತೆ, ನುಡಿಮುತ್ತು, ಆಮೇಲೆ ದಿನದ ಸೂಚನೆ, ಕೊನೆಗೆ ರಾಷ್ಟ್ರಗೀತೆ. ಮೊದಲ ಬಗೆಯ ಸುದ್ದಿಗೆ ಇದಕ್ಕಿಂತ ಚೆನ್ನಾದ್ದು ಇಲ್ಲ.

ಆದರೆ ಮೂರೇ ಸೂಚನೆ. ನಾಲ್ಕನೆಯದು ಯಾರ ಕಿವಿಗೂ ಬೀಳುವುದಿಲ್ಲ. ಬಿಸಿಲಲ್ಲಿ ನಿಂತ ಮಗು ಕಾಲು ಬದಲಿಸಲು ಶುರು ಮಾಡಿತು ಅಂದರೆ ನಿಲ್ಲಿಸಬೇಕು. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಪ್ರಾರ್ಥನೆ ಜಗಲಿಯಲ್ಲೇ ಆಗುತ್ತದೆ. ಮೇಲೆ ತಗಡಿನ ಶೀಟು. ಮಳೆ ಜೋರಾದರೆ ಮೈಕಿನ ಮಾತೂ ಹಿಂದಿನ ಸಾಲಿಗೆ ಕೇಳುವುದಿಲ್ಲ. ಅಂಥ ದಿನ ಸೂಚನೆಯನ್ನು ಅಲ್ಲಿ ಹೇಳಲೇಬೇಡಿ, ಕ್ಲಾಸಿನಲ್ಲಿ ಹೇಳಿ.

ಇನ್ನು ಮುಟ್ಟದವರ ಲೆಕ್ಕ. ಪ್ರಾರ್ಥನೆಯಲ್ಲಿ ಈ ಲೆಕ್ಕ ತಾನಾಗೇ ಸಿಗುತ್ತದೆ, ನಾವು ಉಪಯೋಗಿಸುವುದಿಲ್ಲ ಅಷ್ಟೇ. ಹಾಜರಿ ಪುಸ್ತಕದಲ್ಲಿ ಗೈರಾದವರ ಹೆಸರೇ ಆ ಪಟ್ಟಿ. ಮೊದಲ ಪೀರಿಯಡ್‌ನಲ್ಲಿ ಹಾಜರಿ ಆದ ಮೇಲೆ ಗೈರಾದ ಮಕ್ಕಳ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅದೇ ಊರಿನ ಇನ್ನೊಂದು ಮಗುವಿನ ಹೆಸರು. ಸಂಜೆ ಹೋಗುವಾಗ ಹೇಳುವ ಜವಾಬ್ದಾರಿ ಅವರದು. ಬಸ್ಸು ತಡವಾಗಿ ಬಂದು ಪ್ರಾರ್ಥನೆ ತಪ್ಪಿಸಿಕೊಂಡವರನ್ನೂ ಇದರಲ್ಲೇ ಸೇರಿಸಿಕೊಳ್ಳಿ.

ವಾರ್ತೆ ಓದುವುದರ ಬಗ್ಗೆ ಒಂದು ಮಾತು. ಚೆನ್ನಾಗಿ ಓದುವ ಇಬ್ಬರಿಗೇ ವರ್ಷವಿಡೀ ಕೊಡುವ ಅಭ್ಯಾಸ ಬಹಳ ಕಡೆ ಇದೆ. ಹಾಜರಿ ನಂಬರ್ ಪ್ರಕಾರ ಎಲ್ಲರಿಗೂ ಕೊಡಿ. ರಾಜ್ಯದ್ದು ಎರಡು, ದೇಶದ್ದು ಒಂದು, ಆಟದ್ದು ಒಂದು, ಊರಿನದು ಒಂದು. ಐದು ಸಾಲು ಸಾಕು. ಊರಿನ ಸುದ್ದಿ ಬಂದಾಗ ಎಲ್ಲರ ತಲೆಯೂ ಮೇಲೇಳುತ್ತದೆ, ನೀವೇ ನೋಡಿ. ನಡುಗುವ ದನಿಯಲ್ಲಿ ಓದುವ ಮಕ್ಕಳಿಗೆ ನಾನು ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ವಿಷಯ ಹೇಳುತ್ತೇನೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಮೊದಲ ದಿನ ಮೈಕಿನ ಮುಂದೆ ಕೂತಾಗ ಅವರಿಗೂ ಎದೆ ಡವಡವ ಅಂದಿರಬೇಕು ಅಲ್ವಾ ಅಂದರೆ ಮಕ್ಕಳು ಸ್ವಲ್ಪ ನಗುತ್ತಾರೆ, ದನಿ ಗಟ್ಟಿಯಾಗುತ್ತದೆ.

ಬೋರ್ಡು ಮತ್ತು ನೋಟಿಸ್ ಪುಸ್ತಕ

ಸೂಚನಾ ಫಲಕ ಎಲ್ಲಾ ಶಾಲೆಯಲ್ಲೂ ಇದೆ. ಇರುವುದು ಆಫೀಸಿನ ಬಾಗಿಲ ಪಕ್ಕ. ಅಲ್ಲಿಗೆ ಮಕ್ಕಳು ಬರುವುದು ಬೈಸಿಕೊಳ್ಳಲು ಮಾತ್ರ. ಅದನ್ನು ಓದುವವರು ಯಾರು?

ಬಿಸಿಯೂಟದ ಸಾಲು ನಿಲ್ಲುವ ಗೋಡೆ ನೋಡಿ. ತಟ್ಟೆ ಹಿಡಿದು ಐದರಿಂದ ಹತ್ತು ನಿಮಿಷ ಮಕ್ಕಳು ಅಲ್ಲೇ ನಿಂತಿರುತ್ತಾರೆ. ನಾವು ಒಂದು ಹಳೇ ಕರಿಹಲಗೆಯನ್ನು ಅಲ್ಲಿಗೆ ಸಾಗಿಸಿದೆವು. ಎಡಗಡೆ 'ಇವತ್ತು', ಬಲಗಡೆ 'ಈ ವಾರ'. ಕೆಳಗೆ ಹಳದಿ ಚಾಕ್‌ಪೀಸಿನಲ್ಲಿ ಒಂದೇ ಸಾಲು: 'ಬಸ್ ಪಾಸಿಗೆ ಇನ್ನು 4 ದಿನ'. ಪ್ರತಿದಿನ ಆ ಅಂಕಿಯನ್ನು ಒಬ್ಬ ಹುಡುಗ ಒರೆಸಿ ಬರೆಯುತ್ತಾನೆ. ನಾಲ್ಕು ಹೋಗಿ ಮೂರಾದಾಗ ಮಕ್ಕಳೇ ಒಬ್ಬರಿಗೊಬ್ಬರು 'ಏ, ನೀನು ತಂದ್ಯೇನೋ?' ಅಂತ ಕೇಳಲು ಶುರು ಮಾಡುತ್ತಾರೆ. ನಾನು ಮೈಕಿನಲ್ಲಿ ಹತ್ತು ಸಲ ಕೂಗಿದ್ದಕ್ಕಿಂತ ಆ ಅಂಕಿ ಜಾಸ್ತಿ ಕೆಲಸ ಮಾಡಿದೆ.

ಹಳೇ ಸೂಚನೆ ಒರೆಸದಿದ್ದರೆ ಬೋರ್ಡು ಸತ್ತ ಹಾಗೆ. ಹೋದ ತಿಂಗಳ ಕ್ರೀಡಾಕೂಟದ ಚೀಟಿ ಇನ್ನೂ ಅಂಟಿಕೊಂಡಿದ್ದರೆ ಹೊಸದನ್ನೂ ಯಾರೂ ನೋಡುವುದಿಲ್ಲ.

ನೋಟಿಸ್ ಪುಸ್ತಕ ಕ್ಲಾಸಿಂದ ಕ್ಲಾಸಿಗೆ ಹೋಗುತ್ತದೆ. ಮೇಷ್ಟ್ರು ಓದಿ ಹೇಳಿ ಸಹಿ ಹಾಕುತ್ತಾರೆ. ದಾಖಲೆಗೆ ಒಳ್ಳೆಯದು. ಆದರೆ ಸಹಿಯಿಂದ ಗೊತ್ತಾಗುವುದು ಮೇಷ್ಟ್ರು ಓದಿದರು ಅಂತ ಮಾತ್ರ. ಆ ಹೊತ್ತಿಗೆ ಕ್ಲಾಸು ಪಿಟಿ ಪೀರಿಯಡ್‌ನಲ್ಲಿದ್ದರೆ ಮುಗೀತು.

ಡೈರಿ

ಖಾಸಗಿ ಶಾಲೆಯಲ್ಲಿ ಅಚ್ಚು ಹಾಕಿಸಿದ ಡೈರಿ ಇರುತ್ತದೆ. ಸರ್ಕಾರಿ ಶಾಲೆಗೆ ನಲವತ್ತು ಪುಟದ ನೋಟ್‌ಬುಕ್ ಸಾಕು. ಕಾಗದ ಕೇಳುವ ಸುದ್ದಿಗೆ ನನ್ನ ಓಟು ಡೈರಿಗೇ. ಯಾವ ದಾಖಲೆ, ಎಷ್ಟು ಜೆರಾಕ್ಸ್, ಯಾವತ್ತಿನೊಳಗೆ ಅನ್ನುವುದು ಬರಹದಲ್ಲಿ ಉಳಿಯುತ್ತದೆ. ಫೋನ್ ಅಪ್ಪನ ಜೇಬಿನಲ್ಲಿ ಶಿವಮೊಗ್ಗಕ್ಕೆ ಹೋಗಬಹುದು, ಡೈರಿ ಮನೆಯಲ್ಲೇ ಇರುತ್ತದೆ. ಓದಲು ಬಾರದ ಅಜ್ಜಿಗೆ ಮಗುವೇ ಓದಿ ಹೇಳುತ್ತದೆ, ತಮ್ಮ ಮನೆಯ ಮಾತಿನಲ್ಲಿ. ಮನೆಯಲ್ಲಿ ಉರ್ದು, ಲಂಬಾಣಿ, ತುಳು, ಕೊಂಕಣಿ ಆಡುವ ಮಕ್ಕಳಿಗೆ ಇದು ಎಷ್ಟು ಅನುಕೂಲ ಅಂತ ಯೋಚಿಸಿ.

ಮಕ್ಕಳೇ ಅಪ್ಪನ ಸಹಿ ಹಾಕಿಬಿಡುತ್ತಾರೆ ಅನ್ನುವ ದೂರು ಇದೆ. ಹಾಕುತ್ತಾರೆ, ನಾನೂ ಹಿಡಿದಿದ್ದೇನೆ. ಅದಕ್ಕೆ ಸಹಿಯ ಬದಲು ಒಂದು ಪ್ರಶ್ನೆ ಬರೆಸಿ. 'ಆದಾಯ ಪ್ರಮಾಣಪತ್ರ ಮನೆಯಲ್ಲಿ ಇದೆಯಾ? ಯಾವ ವರ್ಷದ್ದು?' ಉತ್ತರ ಬೇಕಾದರೆ ಮನೆಯಲ್ಲಿ ಕೇಳಲೇಬೇಕು. ಮಾರನೇ ದಿನ ಉತ್ತರ ಇಲ್ಲದ ಡೈರಿಗಳನ್ನು ಬೇರೆ ಇಟ್ಟರೆ ಮುಟ್ಟದವರ ಪಟ್ಟಿ ಕೈಯಲ್ಲಿ ಸಿಕ್ಕಿತು.

ದಿನಾ ಬರೆಸಬೇಡಿ. ವಾರಕ್ಕೆ ಒಂದೋ ಎರಡೋ ಸಲ. ದಿನಾ ಬರೆಸಿದರೆ ಯಾವುದೂ ಮುಖ್ಯ ಅನಿಸುವುದಿಲ್ಲ.

ವಾಟ್ಸಾಪ್

ಈಗ ಎಲ್ಲರೂ ಹಿಡಿದಿರುವ ದಾರಿ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಾಟ್ಸಾಪ್ ಅಂದರೆ ಒಂದೇ ದಾರಿ ಅಲ್ಲ. ಗ್ರೂಪ್, ಬ್ರಾಡ್‌ಕಾಸ್ಟ್ ಪಟ್ಟಿ, ಚಾನೆಲ್ ಮೂರೂ ಬೇರೆ ಬೇರೆ.

ಗ್ರೂಪಿನಲ್ಲಿ 1,024 ಜನ ಇರಬಹುದು. ಹೈಸ್ಕೂಲಿಗೆ ಜಾಗದ ತೊಂದರೆ ಇಲ್ಲ. ತೊಂದರೆ ಗದ್ದಲದ್ದು. ನಮ್ಮಲ್ಲಿ ಒಂದು ವರ್ಷ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನ ಪರೀಕ್ಷೆಯ ಸೂಚನೆ ಗ್ರೂಪಿಗೆ ಹೋಯಿತು. ಅದರ ಹಿಂದೆಯೇ ಹಬ್ಬದ ಶುಭಾಶಯಗಳ ಮಳೆ. ಎಂಟನೇ ಕ್ಲಾಸಿನ ಒಬ್ಬ ಹುಡುಗನ ಅಮ್ಮನಿಗೆ ಆ ಸೂಚನೆ ಕಾಣಲೇ ಇಲ್ಲ. ಆ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಎಂಟನೇ ಕ್ಲಾಸಿನಲ್ಲಿ ಮಾತ್ರ ಬರೆಯಲು ಅವಕಾಶ. ಲೆಕ್ಕದಲ್ಲಿ ಚುರುಕಾದ ಹುಡುಗ ಅವನು. ಇವತ್ತಿಗೂ ಅವನನ್ನು ಪೇಟೆಯಲ್ಲಿ ಕಂಡರೆ ನನಗೆ ಅದೇ ನೆನಪಾಗುತ್ತದೆ.

ಹಾಗಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಕ್ಲಾಸ್ ಟೀಚರ್ ನಂಬರ್ ಕೊಟ್ಟು, ಏನಿದ್ದರೂ ಇವರಿಗೆ ಹೇಳಿ ಅನ್ನಿ. ಇಡೀ ಶಾಲೆಗೆ ಒಂದು ಗ್ರೂಪ್ ಬೇಡ, ಕ್ಲಾಸಿಗೊಂದು ಇರಲಿ. ಹತ್ತನೇ ಕ್ಲಾಸಿನ ಸುದ್ದಿಯನ್ನು ಎಂಟನೇ ಕ್ಲಾಸಿನವರು ದಿನಾ ಓದಬೇಕಾಗಿ ಬಂದರೆ ಓದುವುದನ್ನೇ ಬಿಡುತ್ತಾರೆ.

ಗ್ರೂಪಿನ ದೊಡ್ಡ ಗುಣ ಒಂದಿದೆ. ಹಾಕಿದ ಮೆಸೇಜನ್ನು ಒತ್ತಿ ಹಿಡಿದು 'ಇನ್ಫೊ' ನೋಡಿದರೆ ಯಾರು ಓದಿದರು, ಯಾರಿಗೆ ಬರೀ ತಲುಪಿದೆ ಅಂತ ಹೆಸರು ಸಮೇತ ಬರುತ್ತದೆ. ಮುಟ್ಟದವರ ಪಟ್ಟಿ! ಅದನ್ನು ತೆರೆದು ನೋಡುವ ಅಭ್ಯಾಸ ನಮಗೆ ಇಲ್ಲ. ಅಕ್ಟೋಬರ್ 7ರ ರಾತ್ರಿ ಒಂಬತ್ತಕ್ಕೆ ನಾನು ಅದನ್ನು ನೋಡಿದ್ದಿದ್ದರೆ ಮೂವರು ಮಕ್ಕಳು ಬೆಳಿಗ್ಗೆ ಗೇಟಿಗೆ ಬರುತ್ತಿರಲಿಲ್ಲ. ಓದಿದ ಗುರುತನ್ನು ಕೆಲವರು ಆಫ್ ಮಾಡಿಕೊಂಡಿರುತ್ತಾರೆ, ಆದರೆ ಗ್ರೂಪಿನಲ್ಲಿ ಆ ಆಫ್ ನಡೆಯುವುದಿಲ್ಲ, ಓದಿದ್ದು ಕಾಣುತ್ತದೆ. ಅಜ್ಜಿಯಂಥವರ ವಿಷಯ ಬೇರೆ. ಅವರು 'ಓದಿದವರ' ಪಟ್ಟಿಯಲ್ಲೇ ಇದ್ದರು.

ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಪೋಷಕರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ. ಬಹಳ ಮನೆಯವರು ಮಾಡಿಕೊಂಡಿರುವುದಿಲ್ಲ. ಇದನ್ನು ನೆಚ್ಚಬೇಡಿ.

ಚಾನೆಲ್ 2023ರಲ್ಲಿ ಬಂದದ್ದು. ಇದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಅಮ್ಮಂದಿರಿಗೆ ಗೊತ್ತಿಲ್ಲದವರಿಂದ ಕರೆ ಬರುವ ಕಿರಿಕಿರಿಗೆ ಇದೂ ಒಂದು ಕಾರಣ. ಆದರೆ ಚಾನೆಲ್‌ನಲ್ಲಿ ಯಾವ ಪೋಷಕರು ನೋಡಲಿಲ್ಲ ಅಂತ ತಿಳಿಯುವುದಿಲ್ಲ. ಪ್ರತಿಭಾ ಕಾರಂಜಿಯ ಬಹುಮಾನ, ಶಾಲೆಯ ತೋಟ, ಹಳೇ ವಿದ್ಯಾರ್ಥಿಗಳ ಸುದ್ದಿಗೆ ಚೆನ್ನಾಗಿದೆ. ಕೊನೇ ದಿನಾಂಕ ಇರುವ ಸುದ್ದಿಗೆ ಬೇಡ.

ಏನು ಬರೆಯುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಇಲಾಖೆಯ ಭಾಷೆಯಲ್ಲಿ ಹೀಗೆ ಬರೆಯುತ್ತೇವೆ: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ 8ನೇ ತರಗತಿ ವಿದ್ಯಾರ್ಥಿಗಳು ನಿಗದಿತ ಅವಧಿಯೊಳಗೆ ಅಗತ್ಯ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಲು ಸೂಚಿಸಿದೆ.' ಕೂಲಿ ಮುಗಿಸಿ ಬಂದ ಅಮ್ಮ ಇದನ್ನು ಓದಿ ಏನು ಮಾಡಬೇಕು? ಈಗ ನಾವು ಬರೆಯುವುದು ಹೀಗೆ: '8ನೇ ಕ್ಲಾಸಿನ ಮಕ್ಕಳಿಗೆ. ಎನ್‌ಎಂಎಂಎಸ್ ಪರೀಕ್ಷೆ. ಆಯ್ಕೆಯಾದರೆ ವರ್ಷಕ್ಕೆ 12,000 ರೂ. ಸಿಗುತ್ತದೆ. ಆಧಾರ್ ಜೆರಾಕ್ಸ್, ಆದಾಯ ಪ್ರಮಾಣಪತ್ರ, 1 ಫೋಟೊ ಕಳಿಸಿ. ಶುಕ್ರವಾರ ಮಧ್ಯಾಹ್ನದೊಳಗೆ ಕ್ಲಾಸ್ ಮೇಡಂ ಕೈಗೆ.' ಆದೇಶದ ಫೋಟೊ ಹಾಕಲೇಬೇಕಿದ್ದರೆ ಇದರ ಕೆಳಗೆ ಹಾಕಿ.

ಮತ್ತೆ, ಅಂಕಪಟ್ಟಿ, ಶುಲ್ಕ ಬಾಕಿ ಇರುವವರ ಹೆಸರು, ಮಗು ಅಳುತ್ತಿರುವ ಅಥವಾ ಹುಷಾರಿಲ್ಲದ ಫೋಟೊ, ಇವನ್ನು ಗ್ರೂಪಿಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಾನೂನು ಒತ್ತಟ್ಟಿಗಿರಲಿ. ನೂರು ಮನೆಯ ಫೋನಿನಲ್ಲಿ ತನ್ನ ಸೊನ್ನೆ ಅಂಕ ನೋಡಿದ ಮಗು ಮಾರನೇ ದಿನ ಶಾಲೆಗೆ ಹೇಗೆ ಬರುತ್ತದೆ?

ಟೆಲಿಗ್ರಾಂ ಬಗ್ಗೆ ಕೇಳುತ್ತಾರೆ. ದೊಡ್ಡ ಫೈಲು, ಹಳೇ ಪ್ರಶ್ನೆಪತ್ರಿಕೆ ಇಡಲು ಅನುಕೂಲ. ಆದರೆ ನಮ್ಮ ಪೋಷಕರ ಫೋನಿನಲ್ಲಿ ಅದು ಇಲ್ಲ. ಇಲ್ಲದ ಕಡೆ ಕಳಿಸಿ ಏನು ಪ್ರಯೋಜನ?

ಎಸ್ಸೆಮ್ಮೆಸ್ ಮತ್ತು ಶಾಲೆಯ ಆ್ಯಪ್

ಎಸ್ಸೆಮ್ಮೆಸ್ ಕೀಪ್ಯಾಡ್ ಫೋನಿಗೂ ಹೋಗುತ್ತದೆ, ನೆಟ್ ಬೇಡ. ಕಳಿಸಿದ್ದು ತಲುಪಿತೋ ಇಲ್ಲವೋ ಅನ್ನುವ ವರದಿಯೂ ಬರುತ್ತದೆ. ಓದಿದರಾ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಸಾವಿರ ಮಕ್ಕಳ ಶಾಲೆಗೆ ದಿಢೀರ್ ಸುದ್ದಿ ಕೊಡಲು ಒಳ್ಳೇ ದಾರಿ. ಆದರೆ ಒಟ್ಟಿಗೆ ಎಲ್ಲರಿಗೂ ಕಳಿಸಲು ಮೊದಲೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಶಾಲೆಯ ನೋಂದಣಿ ಆಗಬೇಕು, ಮೆಸೇಜಿನ ಮಾದರಿಗೂ ಅನುಮತಿ ಬೇಕು. ಮಳೆ ಬಂದ ದಿನ ಕೂತು ಹೊಸದಾಗಿ ಬರೆಯಲು ಆಗುವುದಿಲ್ಲ. ಮಳೆ ರಜೆ, ಪೋಷಕರ ಸಭೆ, ಪರೀಕ್ಷೆ ಬದಲಾವಣೆ, ಮಗು ಗೈರು, ಈ ನಾಲ್ಕು ಮಾದರಿಯನ್ನು ಮೇ ತಿಂಗಳಲ್ಲೇ ಮಾಡಿಸಿಡಿ.

ಕನ್ನಡದಲ್ಲಿ ಕಳಿಸುವವರಿಗೆ ಇನ್ನೊಂದು ಲೆಕ್ಕ ಗೊತ್ತಿರಬೇಕು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ. ಕನ್ನಡಕ್ಕೆ 70 ಮಾತ್ರ. ಅದರ ಮೇಲೆ ಯಂತ್ರ ಎಣಿಸುವುದು ನಮ್ಮ ಹಾಗಲ್ಲ. 'ನಾಳೆ ಶಾಲೆಗೆ ರಜೆ' ಅನ್ನುವುದರಲ್ಲಿ ನಮ್ಮ ಕಣ್ಣಿಗೆ ಏಳು ಅಕ್ಷರ. ಯಂತ್ರ ಕೊಂಬು, ದೀರ್ಘ, ಎತ್ವ ಎಲ್ಲವನ್ನೂ ಬೇರೆ ಬೇರೆ ಎಣಿಸಿ, ಎರಡು ಖಾಲಿ ಜಾಗವನ್ನೂ ಸೇರಿಸಿ 15 ಅನ್ನುತ್ತದೆ. ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. 'ನಾಳೆ ಬೆಳಿಗ್ಗೆ 10ಕ್ಕೆ ಪೋಷಕರ ಸಭೆ. ತಪ್ಪದೆ ಬನ್ನಿ. - ಮುಖ್ಯ ಶಿಕ್ಷಕರು' ಅನ್ನುವಷ್ಟಕ್ಕೆ 62 ಆಗಿಹೋಯಿತು. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಹಾಗಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಬೇಡಿ. ಓದಲು ಕಷ್ಟ, ಕೆಲವರಿಗೆ ಓದಲು ಬರುವುದೇ ಇಲ್ಲ. ಮಾತನ್ನು ಚಿಕ್ಕದು ಮಾಡಿ.

ಆ್ಯಪ್ ಖಾಸಗಿ ಶಾಲೆಗಳಲ್ಲಿ ಜಾಸ್ತಿ. ಹೋಂವರ್ಕ್, ಹಾಜರಿ, ಶುಲ್ಕ ಎಲ್ಲಾ ಒಂದೇ ಕಡೆ ಸಿಗುತ್ತದೆ. ಫೋನ್ ಬದಲಾಯಿಸಿದಾಗ ಪಾಸ್‌ವರ್ಡ್ ಮರೆತುಹೋಗುತ್ತದೆ, ನೋಟಿಫಿಕೇಶನ್ ಬಂದ್ ಆಗಿರುತ್ತದೆ. ತೆಗೆದುಕೊಳ್ಳುವ ಮೊದಲು ಕಂಪನಿಯವರನ್ನು ಎರಡೇ ಪ್ರಶ್ನೆ ಕೇಳಿ: ಮೆಸೇಜ್ ತೆರೆಯದವರ ಪಟ್ಟಿ ಬರುತ್ತದಾ? ಅವರಿಗೆ ತಾನಾಗೇ ಎಸ್ಸೆಮ್ಮೆಸ್ ಹೋಗುತ್ತದಾ? ಇಲ್ಲ ಅಂದರೆ ವಾಟ್ಸಾಪೇ ಸಾಕು.

ಕರೆ ಮತ್ತು ಧ್ವನಿ ಮೆಸೇಜ್

ನಲವತ್ತು ಮನೆಗೆ ಕರೆ ಮಾಡುವುದು ಯಾರಿಂದಲೂ ಆಗದ ಕೆಲಸ. ಓದದೇ ಇರುವ ಐದು ಮನೆಗೆ ಮಾಡುವುದು ಹತ್ತು ನಿಮಿಷದ ಕೆಲಸ. ಕರೆಯ ಜಾಗ ಅದೇ. ಎಲ್ಲಾ ದಾರಿ ಮುಗಿದ ಮೇಲೆ ಉಳಿದವರಿಗೆ.

ಧ್ವನಿ ಮೆಸೇಜನ್ನು ನಾವು ಇನ್ನೂ ಸರಿಯಾಗಿ ಬಳಸಿಲ್ಲ ಅಂತ ನನಗೆ ಅನಿಸುತ್ತದೆ. ಆ ಅಜ್ಜಿಗೆ ಬೇಕಾಗಿದ್ದದ್ದು ಅದೇ. 'ನಮಸ್ಕಾರ, ಹೈಸ್ಕೂಲಿಂದ ಮೇಷ್ಟ್ರು ಮಾತಾಡ್ತಿರೋದು. ನಾಳೆ ಶಾಲೆ ಇಲ್ಲ. ಹದಿನೆಂಟನೇ ತಾರೀಕಿನವರೆಗೂ ಇಲ್ಲ. ಮಗೂನ ಕಳಿಸಬೇಡಿ.' ಹದಿನೈದು ಸೆಕೆಂಡ್. ಈಗ ಯಾವ ದಿಢೀರ್ ಸುದ್ದಿಯಾದರೂ ಬರಹದ ಜೊತೆ ದನಿಯೂ ಹೋಗುತ್ತದೆ. ತಾಂಡಾದ ಮಕ್ಕಳಿದ್ದರೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಲಂಬಾಣಿಯಲ್ಲಿ ಹೇಳುತ್ತಾಳೆ. ಹಾಸ್ಟೆಲ್ ಮಕ್ಕಳ ವಿಷಯದಲ್ಲಿ ಮಾತ್ರ ನೇರ ವಾರ್ಡನ್‌ಗೇ ಕರೆ ಮಾಡಿ, ಮೆಸೇಜ್ ಸಾಲದು.

ಯಾವುದಕ್ಕೆ ಯಾವುದು

ದಿನದ ಸಣ್ಣ ಸುದ್ದಿಗೆ ಪ್ರಾರ್ಥನೆ ಮತ್ತು ಊಟದ ಗೋಡೆಯ ಬೋರ್ಡು. ಫೋನಿಗೆ ಹಾಕಲೇಬೇಡಿ. ಕಬಡ್ಡಿ ಅಭ್ಯಾಸದ ಸುದ್ದಿ ಅಮ್ಮನಿಗೆ ಯಾಕೆ? ಫೋನಿಗೆ ಹೋಗುವುದು ಕಡಿಮೆಯಾದಷ್ಟೂ ಹೋದದ್ದನ್ನು ಓದುತ್ತಾರೆ. ಜಂತುಹುಳು ಮಾತ್ರೆಯಂಥದ್ದಕ್ಕೆ ಎರಡೂ ಬೇಕು. ಫೆಬ್ರವರಿ 10, ಆಗಸ್ಟ್ 10 ಅದರ ದಿನಗಳು. ಮಗು ತಿಂಡಿ ತಿಂದು ಬರಬೇಕು ಅನ್ನುವುದು ಮನೆಗೂ ಗೊತ್ತಿರಬೇಕು.

ಕಾಗದ ಕೇಳುವ ಸುದ್ದಿಗೆ ಡೈರಿ ಮೊದಲು, ಅದೇ ಸಂಜೆ ವಾಟ್ಸಾಪ್, ಬೋರ್ಡಿನಲ್ಲಿ ಇಳಿಯುವ ಅಂಕಿ. ಪೋಷಕರ ಸಭೆಯಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬಾಯಲ್ಲೂ ಹೇಳಿ. ಇಲಾಖೆಯ ಕೊನೇ ದಿನಾಂಕಕ್ಕಿಂತ ಒಂದು ವಾರ ಮೊದಲಿನ ದಿನವನ್ನೇ ಶಾಲೆಯ ಕೊನೇ ದಿನ ಅಂತ ಹೇಳಿ. ಸರ್ವರ್ ಕೈಕೊಡುವುದು ಕೊನೇ ದಿನವೇ.

ಎಸ್ಸೆಸ್ಸೆಲ್ಸಿಯವರ ವಿಷಯ ಬೇರೆಯೇ. 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇತ್ತು. 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಮೇ 2ಕ್ಕೆ ಬಂತು, ಪರೀಕ್ಷೆ-2 ಮೇ 26ಕ್ಕೇ ಶುರುವಾಯಿತು. ಇಷ್ಟರೊಳಗೆ ನೋಂದಣಿ ಆಗಬೇಕು. ಬೇಸಿಗೆ ರಜೆ, ಪ್ರಾರ್ಥನೆ ಇಲ್ಲ, ಬೋರ್ಡಿಲ್ಲ, ಡೈರಿ ಇಲ್ಲ. ಫೇಲಾದ ಮಗು ಗ್ರೂಪನ್ನು ತೆರೆದು ನೋಡುವುದೂ ಇಲ್ಲ, ಮನೆಯವರು ಗ್ರೂಪನ್ನೇ ಬಿಟ್ಟು ಹೋಗಿರುತ್ತಾರೆ. ಇಲ್ಲಿ ಕರೆಯೊಂದೇ ದಾರಿ. ಸಾಧ್ಯವಾದರೆ ಮನೆಗೇ ಹೋಗಿ. 'ಇನ್ನೊಂದು ಪರೀಕ್ಷೆ ಇದೆ ಕಣಪ್ಪ, ನಾನು ಫಾರಂ ತಂದಿದ್ದೀನಿ' ಅನ್ನುವ ಮಾತನ್ನು ಯಾವ ಆ್ಯಪೂ ಹೇಳುವುದಿಲ್ಲ.

ಮಳೆ ರಜೆಯಲ್ಲಿ ಮೋಸ ಹೋಗುವುದು ಸುಲಭ. 'ಶಿವಮೊಗ್ಗ ಜಿಲ್ಲೆಗೆ ರಜೆ' ಅಂತ ಬಂದದ್ದು ನೋಡಿದರೆ ತೀರ್ಥಹಳ್ಳಿ, ಹೊಸನಗರ ತಾಲ್ಲೂಕಿಗೆ ಮಾತ್ರ ಇರುತ್ತದೆ. ಹಳೇ ಆದೇಶದ ದಿನಾಂಕ ತಿದ್ದಿ ಹರಿಬಿಡುವವರೂ ಇದ್ದಾರೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಖಚಿತವಾಗುವವರೆಗೆ ಏನೂ ಹಾಕಬೇಡಿ. ರಜೆ ಇಲ್ಲದಿದ್ದರೆ 'ಇವತ್ತು ಶಾಲೆ ಇದೆ' ಅಂತ ಖಂಡಿತ ಹಾಕಿ. ಬೆಳಿಗ್ಗೆ ಆರೂವರೆಗೆ ಕೊಡೆ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಬೇಕಾಗಿರುವುದು ಅದೇ.

ನೂರೈವತ್ತು ಮಕ್ಕಳ ಹಳ್ಳಿ ಶಾಲೆಗೆ ಬೋರ್ಡು, ಡೈರಿ, ಅಡ್ಮಿನ್ ಮಾತ್ರ ಬರೆಯುವ ಕ್ಲಾಸ್ ಗ್ರೂಪ್, ಇಷ್ಟು ಧಾರಾಳವಾಯಿತು. ಪೇಟೆಯ ದೊಡ್ಡ ಶಾಲೆಯಾದರೆ ಇದರ ಮೇಲೆ ಎಸ್ಸೆಮ್ಮೆಸ್ ಸೇರಿಸಿ. ನೆಟ್‌ವರ್ಕ್ ಸಿಗದ ಊರುಗಳಿದ್ದರೆ ಡೈರಿ ಮತ್ತು ಊರಿಗೊಬ್ಬ ಮುಖಂಡ ಮಗು.

ಜೂನ್‌ನಲ್ಲಿ ದಾಖಲಾತಿ ಮುಗಿದ ಕೂಡಲೇ ಒಂದು ಕಾಗದದಲ್ಲಿ ನಾಲ್ಕು ಕಾಲಂ ಹಾಕಿ ಮಕ್ಕಳ ಕೈಯಲ್ಲೇ ತುಂಬಿಸಿ. ಮನೆಯ ನಂಬರ್. ಫೋನ್ ಹಗಲು ಯಾರ ಹತ್ತಿರ ಇರುತ್ತದೆ. ಮನೆಯಲ್ಲಿ ಓದುವವರು ಯಾರು. ಕೊನೆಯದು, ಫೋನ್ ಸಿಗದಿದ್ದರೆ ಯಾರಿಗೆ ಹೇಳಿದರೆ ಮುಟ್ಟುತ್ತದೆ. ದಸರಾ ಮುಗಿದ ಮೇಲೆ ನಾವೂ ಇದನ್ನು ತುಂಬಿಸಿದೆವು. ಕೊನೇ ಕಾಲಂನಲ್ಲಿ ಚಿಕ್ಕಪ್ಪ, ಪಕ್ಕದ ಮನೆ ಅತ್ತೆ, ಅಂಗಡಿ ಅಣ್ಣ ಅಂತೆಲ್ಲ ಬಂತು. ಗೇಟಿನ ಮುಂದೆ ನಿಂತಿದ್ದ ಆ ಹುಡುಗಿ ಬರೆದದ್ದು 'ಹಾಲಿನ ಡೇರಿ'. ಏನಮ್ಮಾ ಇದು ಅಂದೆ. 'ಬೆಳಿಗ್ಗೆ ಆರಕ್ಕೆ ನಮ್ಮೂರಿನ ಎಲ್ಲಾ ಮನೆಯಿಂದಲೂ ಒಬ್ಬೊಬ್ಬರು ಹಾಲು ಹಾಕೋಕೆ ಬರ್ತಾರೆ ಸರ್' ಅಂದಳು. ಆ ಊರಿನಿಂದ ನಮ್ಮಲ್ಲಿಗೆ ಒಂಬತ್ತು ಮಕ್ಕಳು ಬರುತ್ತಾರೆ. ಡೇರಿಯವರ ನಂಬರ್ ಈಗ ನನ್ನ ಫೋನಿನಲ್ಲಿದೆ.